ಅಡುಗೆಮನೆ ಹೇರಿದ ದೋಣಿ

ಆಚೆ ದಡದಲ್ಲಿ ಯಾರಾದರೂ ಬಂದು ನಿಂತು "ಓಯ್" ಎಂದು ಕೂಗಿದರೆ ನಮ್ಮ ಮನೆಯಲ್ಲಿ ಊಟ ಅರ್ಧಕ್ಕೆ ನಿಲ್ಲುತ್ತಿತ್ತು. ಅಪ್ಪ ಕೈ ತೊಳೆದು ಹೊರಟುಬಿಡುತ್ತಿದ್ದರು. ಅಮ್ಮ ಅವರ ಬಟ್ಟಲಿನ ಮೇಲೆ ಇನ್ನೊಂದು ಬಟ್ಟಲು ಕವುಚಿ, ಯಾರ ಕಾಲಿಗೂ ಸಿಗದ ಹಾಗೆ ಗೋಡೆಬದಿಗೆ ಸರಿಸಿಡುತ್ತಿದ್ದಳು. ಕೂಗಿದವರನ್ನು ಕರೆತಂದು, ಈಚೆ ಕಾದವರನ್ನು ಆಚೆ ಬಿಟ್ಟು ಅಪ್ಪ ಮರಳುವಾಗ ಗಂಜಿ ತಣ್ಣಗಾಗಿ ಮೇಲೆ ಕೆನೆ ಕಟ್ಟಿರುತ್ತಿತ್ತು. ನಮ್ಮದು ಕಡವಿನ ಮನೆ. ಕಡವು ಎಂದರೆ ದೋಣಿ ದಾಟಿಸುವ ಜಾಗ. ನೇತ್ರಾವತಿಯ ಆಚೆ ಫರಂಗಿಪೇಟೆ, ಬಸ್ಸು, ಅಂಗಡಿ, ಆಸ್ಪತ್ರೆ, ಕಟ್ಟಿದ ಬೀಡಿ ಕೊಡುವ ಬ್ರಾಂಚ್ ಎಲ್ಲ ಇತ್ತು. ಈಚೆ ಸಜಿಪದ ಕಡೆಯಲ್ಲಿ ನಾವಿದ್ದೆವು. ಮನೆಗೆ ಮೂರೇ ಕೋಣೆ. ನದಿಗೆ ಮುಖ ಮಾಡಿದ ಚಾವಡಿ, ಅದರ ಹಿಂದೆ ಅಡುಗೆಮನೆ, ಪಕ್ಕದಲ್ಲಿ ಅಜ್ಜಿ ಮಲಗುವ ಕತ್ತಲೆ ಕೋಣೆ. ದೋಣಿಗೂ ಒಂದು ಕೋಣೆಯಿತ್ತೆಂದರೆ ನಿಮಗೆ ನಗು ಬರಬಹುದು. ಮನೆಗೆ ತಾಗಿಸಿ ಕಟ್ಟಿದ ಸೋಗೆಯ ಮಾಡು ಅದರದ್ದು. ಸ್ಕೂಟರಿನ ಸ್ವರ ಕೇಳಿಯೇ ಅದರ ಹೊಟ್ಟೆ ಸರಿಯಿಲ್ಲ ಎಂದು ನನಗೆ ಹೇಗೆ ಗೊತ್ತಾಗುತ್ತದೆ ಎಂದು ನೀವು ಮಕ್ಕಳು ಕೇಳುತ್ತಿರುತ್ತೀರಿ. ಬಾಯಿಯಲ್ಲಿ ಹೇಳಲು ನನಗೆ ಯಾವಾಗಲೂ ನಾಚಿಕೆ. ಅದಕ್ಕೇ ಗುರುವಾಯನಕೆರೆಯ ಈ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಮನೆಯಲ್ಲಿ ನಾವು ಆಡುತ್ತಿದ್ದದ್ದು ತುಳು. ನನಗೆ ಬರೆಯಲು ಕಲಿಸಿದ್ದು ಊರಿನ ಶಾಲೆಯ ಕನ್ನಡ. ಮನೆಯವರ ಮಾತನ್ನೆಲ್ಲ ಕನ್ನಡಕ್ಕೆ ತಂದೇ ಇಲ್ಲಿ ಬರೆಯಬೇಕು.

ಆ ಮನೆಯಲ್ಲಿ ದೋಣಿಯ ವಿಷಯದ ಕಾನೂನು ಅಪ್ಪನದಾಗಿರಲಿಲ್ಲ, ಅಜ್ಜಿಯದು. ಅಜ್ಜಿ ಅಪ್ಪನ ತಾಯಿ. ನಾನು ಕಾಣದ ನನ್ನ ಅಜ್ಜ ಅದೇ ಕಡವಿನಲ್ಲಿ ಜಲ್ಲೆ ಊರಿ ದೋಣಿ ನಡೆಸಿದವರು. ಅವರು ಪಾಲಿಸಿದ್ದನ್ನೆಲ್ಲ ಅಜ್ಜಿ ಸೆರಗಿನ ಗಂಟಿನಂತೆ ಜೋಪಾನ ಮಾಡಿದ್ದಳು. ಆಟಿ ತಿಂಗಳ ಮಳೆಗೆ ನದಿ ಕೆಂಪಾಗಿ ಉಕ್ಕುವಾಗ ದೋಣಿಯನ್ನು ಮೇಲೆಳೆದು ಮಾಡಿನೊಳಗೆ ಕವುಚಿ ಹಾಕಬೇಕು. ಆಗ ದೋಣಿ ಬಾಣಂತಿ, ಅದನ್ನು ಯಾರೂ ಕೆಲಸಕ್ಕೆ ಕರೆಯಬಾರದು. ಸೋಣ ತಿಂಗಳು ಬಂದ ಮೇಲೆ ನೀರಿಗಿಳಿಸಿ, ನಡುನದಿಯಲ್ಲಿ ಹಾಲು, ತೆಂಗಿನಕಾಯಿ ಬಿಡಬೇಕು. ಅದಾಗುವವರೆಗೆ ದೋಣಿಯವನ ಹೊರತು ಒಂದು ನರಪಿಳ್ಳೆಯೂ ಅದರಲ್ಲಿ ಕೂರಬಾರದು, ಒಂದು ಸೇರು ಅಕ್ಕಿಯನ್ನೂ ಹೇರಬಾರದು. ಇನ್ನೊಂದು ಕಾನೂನು ವರ್ಷವಿಡೀ ಇತ್ತು. ಜನ ಕೂತ ದೋಣಿಯಲ್ಲಿ ರಿಪೇರಿಯ ಕೆಲಸ ಮಾಡಬಾರದು. "ಕೂತವರ ಎದುರೇ ಸುತ್ತಿಗೆ ತೆಗೆದರೆ ಮುಳುಗುತ್ತದೆ ಎಂದು ನಾವೇ ಹೇಳಿದ ಹಾಗೆ" ಎನ್ನುತ್ತಿದ್ದಳು. ಮರದ ದೋಣಿ, ಬಿದಿರಿನ ಜಲ್ಲೆ ಇದ್ದಷ್ಟು ಕಾಲ ಈ ಕಾನೂನುಗಳಿಂದ ಯಾರಿಗೂ ತೊಂದರೆಯಾಗಲಿಲ್ಲ.

ನಾನು ಏಳನೇ ಕ್ಲಾಸು ಮುಗಿಸಿ ಮನೆಯಲ್ಲಿ ಕೂತ ವರ್ಷ ಅಪ್ಪನ ಜಲ್ಲೆ ನೀರೊಳಗಿನ ಬಂಡೆಯ ಸಂದಿಗೆ ಸಿಕ್ಕಿಬಿತ್ತು. ದೋಣಿ ಮುಂದೆ ಹೋಯಿತು, ಜಲ್ಲೆ ಬರಲಿಲ್ಲ, ಅಪ್ಪ ಕೈ ಬಿಡಲಿಲ್ಲ. ಬಲ ಭುಜ ಕಳಚಿತು. ಕೂರಿಸಿದ್ದಾಯಿತು, ಎಣ್ಣೆ ತಿಕ್ಕಿದ್ದಾಯಿತು, ಆದರೆ ಕೈ ತಲೆಯ ಮೇಲಕ್ಕೆ ಏರಲೇ ಇಲ್ಲ. ಜಲ್ಲೆ ಹಾಕುವವನಿಗೆ ಆ ಕೈ ಇಲ್ಲದಿದ್ದರೆ ಕಡವು ಇಲ್ಲ. ಆಗ ಮೂಡಬಿದ್ರೆಯಿಂದ ಸೇಸಪ್ಪ ಮಾವ ಬಂದರು. ಅಮ್ಮನ ತಮ್ಮ. ಅಲ್ಲಿ ಒಂದು ಬಸ್ ಗ್ಯಾರೇಜಿನಲ್ಲಿ ಫಿಟ್ಟರ್ ಆಗಿದ್ದವರು. ಬರುವಾಗ ಬರಿಗೈಯಲ್ಲಿ ಬರಲಿಲ್ಲ. ಮಂಗಳೂರಿನ ಧಕ್ಕೆಯಲ್ಲಿ ಮೀನಿನವರು ಬಳಸಿ ಬಿಟ್ಟ ಒಂದು ಇಂಜಿನನ್ನು ಗೋಣಿಯಲ್ಲಿ ಸುತ್ತಿ ತಂದಿದ್ದರು. ದೋಣಿಯ ಹಿಂದೆ ಸಿಕ್ಕಿಸುವಂಥದ್ದು. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಬೇಕು. ಆಟಿ ತಿಂಗಳಾದ್ದರಿಂದ ದೋಣಿಯನ್ನು ಮುಟ್ಟುವ ಹಾಗಿರಲಿಲ್ಲ. ಮಾವ ಬಚ್ಚಲಿನ ದೊಡ್ಡ ಡ್ರಮ್ಮನ್ನು ಅಂಗಳಕ್ಕೆ ಉರುಳಿಸಿ ತಂದು, ನೀರು ತುಂಬಿಸಿ, ಇಂಜಿನಿನ ಕಾಲನ್ನು ಅದರೊಳಗೆ ಇಳಿಸಿದರು. ಹಗ್ಗ ಎಳೆದಾಗ ಎದ್ದ ಸ್ವರಕ್ಕೆ ಹಟ್ಟಿಯ ದನ ಹಗ್ಗ ಹರಿದುಕೊಂಡಿತು. ಡ್ರಮ್ಮಿನ ನೀರು ಅಂಗಳವಿಡೀ ಚಿಮ್ಮಿತು.

"ಸೇಸಪ್ಪಾ, ಅದು ನಾವು ಸ್ನಾನ ಮಾಡುವ ನೀರಿನ ಡ್ರಮ್ಮು!" ಅಜ್ಜಿ ಒಳಗಿನಿಂದ ಓಡಿ ಬಂದಳು.

"ಅದಕ್ಕೂ ಸ್ನಾನವೇ ಮಾಡಿಸುದು ಅತ್ತೆ."

"ಎಣ್ಣೆ ನಾತ ಬರ್ತದೆ. ನಾಳೆ ನಾನು ಮಿಂದರೆ ದೇವರಿಗೆ ನಾನು ಬಂದದ್ದೋ ಲಾರಿ ಬಂದದ್ದೋ ಗೊತ್ತಾಗ್ಲಿಕ್ಕಿಲ್ಲ."

ಅಪ್ಪ ನಕ್ಕರು. ಭುಜ ಹೋದ ಮೇಲೆ ಅವರು ನಕ್ಕದ್ದು ಅದೇ ಮೊದಲು. ನನಗೆ ಆ ಇಂಜಿನಿನ ಮೇಲೆ ಪ್ರೀತಿ ಹುಟ್ಟಿದ್ದು ಆ ಕಾರಣಕ್ಕೇ ಇರಬೇಕು. ಮಾವ ಮೇಲಿನ ಮುಚ್ಚಳ ತೆಗೆದು ಅಪ್ಪನಿಗೆ ಒಂದೊಂದೇ ಭಾಗ ತೋರಿಸುತ್ತಿದ್ದರು. ನಾನು ಅಮ್ಮನ ಪಕ್ಕ ಕೂತು ಬೀಡಿಯ ಎಲೆ ಕತ್ತರಿಸುತ್ತಾ ಕಿವಿಯನ್ನು ಅಲ್ಲಿಟ್ಟಿದ್ದೆ. ಕಾರ್ಬೊರೇಟರ್ ಎಂದು ಅವರು ತೋರಿಸಿದ್ದು ಅಂಗೈಯಲ್ಲಿ ಹಿಡಿಸುವಷ್ಟು ಸಣ್ಣ ಡಬ್ಬಿ. ಎಣ್ಣೆಯೂ ಗಾಳಿಯೂ ಅಲ್ಲಿ ಬೆರೆತು ಇಂಜಿನಿನ ಹೊಟ್ಟೆಗೆ ಹೋಗುತ್ತವೆ. ಅದರ ಬದಿಗೆ ಹಿತ್ತಾಳೆಯ ಒಂದು ಸಣ್ಣ ಸ್ಕ್ರೂ. ಒಳಗೆ ತಿರುಗಿಸಿದರೆ ಎಣ್ಣೆ ಕಡಿಮೆ, ಹೊರಗೆ ತಿರುಗಿಸಿದರೆ ಹೆಚ್ಚು. ಮಾವ ಕಿವಿ ಓರೆ ಮಾಡಿಕೊಂಡು ಅದನ್ನು ಕೂದಲೆಳೆಯಷ್ಟು ಆಚೀಚೆ ತಿರುಗಿಸಿದರು. ಕೆಮ್ಮುತ್ತಾ ಕುಂಟುತ್ತಾ ಇದ್ದ ಸ್ವರ ಸಪಾಟಾಯಿತು. ಹೊಗೆಯೂ ಮಾಯವಾಯಿತು. ಅಪ್ಪನ ಬಲಗೈ ಬೆರಳುಗಳಿಗೆ ಸಣ್ಣ ಸ್ಕ್ರೂಡ್ರೈವರ್ ಅಲುಗದೆ ಹಿಡಿಯಲು ಆಗುತ್ತಿರಲಿಲ್ಲ. ಮಾವ ಸುತ್ತ ನೋಡಿ ನನ್ನನ್ನು ಕರೆದರು.

"ವಾರಿಜ, ಬಾ ಇಲ್ಲಿ. ಬೀಡಿಗೆ ನೂಲು ಸುತ್ತುವ ಕೈ, ಇದಕ್ಕೆ ಸಾಕು."

ಅಂದಿನಿಂದ ಸ್ಕ್ರೂಡ್ರೈವರ್ ನನ್ನದು, ಹೇಳುವ ಬಾಯಿ ಅಪ್ಪನದು. ಜೆಟ್ ಎಂಬ ಸಣ್ಣ ತೂತಿನ ಬಿಲ್ಲೆಯನ್ನು ಬಿಚ್ಚಿ ಬಾಯಿಯಲ್ಲಿಟ್ಟು ಊದುವುದನ್ನೂ ಕಲಿತೆ. ಸೂಜಿ ಹಾಕಬಾರದು, ತೂತು ದೊಡ್ಡದಾಗುತ್ತದೆ. ಸೀಮೆಎಣ್ಣೆಯ ಬಾಯಿಯಲ್ಲಿ ಊಟಕ್ಕೆ ಕೂತರೆ ಅಮ್ಮ ನನ್ನ ಬಟ್ಟಲನ್ನು ಬಾಗಿಲ ಹೊರಗೆ ಇಡುತ್ತಿದ್ದಳು. ಸೋಣ ಬಂತು. ದೋಣಿ ಇಳಿಯಿತು. ಅಪ್ಪ ಒಬ್ಬರೇ ಕೂತು ಇಂಜಿನ್ ಬಿಟ್ಟುಕೊಂಡು ನಡುನದಿಗೆ ಹೋದರು. ಹಾಲು, ಕಾಯಿ ಬಿಟ್ಟು ತಿರುಗಿ ಬರುವಾಗ ದೋಣಿ ನೀರಿನ ಮೇಲೆ ಮೂಗೆತ್ತಿಕೊಂಡು ಬಂತು. ಅದೇ ನಡುನದಿ, ಅದೇ ಸೆಳೆತ. ಖಾಲಿ ದೋಣಿಗೆ ಅದು ಲೆಕ್ಕಕ್ಕೇ ಇರಲಿಲ್ಲ. ಮಾವ ಮೀಸೆ ತಿರುವಿ ಮೂಡಬಿದ್ರೆಯ ಬಸ್ಸು ಹಿಡಿದರು.

ಮರುದಿನ ಬೆಳಗ್ಗೆ ಬೀಡಿ ಕಟ್ಟುವ ಹೆಂಗಸರೆಲ್ಲ ಬಂದರು. ಆಟಿಯಿಡೀ ಅವರು ಬೀಡಿಯ ಬುಟ್ಟಿ ಹೊತ್ತು ಮೆಲ್ಕಾರಿಗೆ ನಡೆದು, ಅಲ್ಲಿಂದ ಬಸ್ಸಿನಲ್ಲಿ ಪಾಣೆಮಂಗಳೂರಿನ ಸೇತುವೆ ದಾಟಿ, ಸುತ್ತಿ ಬಳಸಿ ಬ್ರಾಂಚಿಗೆ ಹೋಗಿ ಸಾಕಾಗಿದ್ದರು. ಅವರ ಮುಂದಾಳು ಖತೀಜಮ್ಮ. ಧ್ವನಿ ದೊಡ್ಡದು, ಬುಟ್ಟಿ ಅದಕ್ಕಿಂತ ದೊಡ್ಡದು. ಅಮ್ಮನೂ ತನ್ನ ಬುಟ್ಟಿ ಹಿಡಿದು ಹತ್ತಿದಳು. ದಡದ ಮರೆಯ ನೀರಿನಲ್ಲಿ ಇಂಜಿನ್ ಚೆನ್ನಾಗಿಯೇ ಹೋಯಿತು. ನಡುನದಿಯಲ್ಲಿ ಸೆಳೆತಕ್ಕೆ ದೋಣಿಯ ಮುಖ ತಿರುಗತೊಡಗಿತು. ಅಪ್ಪ ಎಳೆದು ನಿಲ್ಲಿಸಲು ರೇಸ್ ಕೊಟ್ಟರು. ಇಂಜಿನ್ ಒಮ್ಮೆ ಬಿಕ್ಕಿತು, ಕೆಮ್ಮಿತು, ನಿಂತುಬಿಟ್ಟಿತು. ನಾನು ಕಡವಿನ ಮೆಟ್ಟಿಲಲ್ಲಿ ನಿಂತು ನೋಡುತ್ತಿದ್ದೆ. ಅಪ್ಪ ಹಗ್ಗ ಎಳೆಯುತ್ತಿದ್ದರು, ದೋಣಿ ಅಡ್ಡಡ್ಡವಾಗಿ ಕೆಳಗೆ ಕೆಳಗೆ ಹೋಗುತ್ತಿತ್ತು, ಹೆಂಗಸರ ಕೂಗು ಮಾತ್ರ ಮೇಲಕ್ಕೆ ಬರುತ್ತಿತ್ತು. ಪುಣ್ಯಕ್ಕೆ ನದಿಯ ನಡುವಿನ ಕುದ್ರುವಿಗೆ, ಆ ಮರಳಿನ ದಿಬ್ಬಕ್ಕೆ, ದೋಣಿ ತಾಗಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ತಾಗಿದ ಹೊಡೆತಕ್ಕೆ ಒಳಗೆ ನೀರು ನುಗ್ಗಿ ಬೀಡಿಯೆಲ್ಲ ಒದ್ದೆಯಾಯಿತು. ಒದ್ದೆ ಬೀಡಿಯನ್ನು ಬ್ರಾಂಚಿನವರು ಮುಟ್ಟುವುದಿಲ್ಲ. ಸಂಜೆಗೆ ನಮ್ಮ ಅಂಗಳದಲ್ಲಿ ಗೆರಸೆ ಗೆರಸೆ ಬೀಡಿ ಒಣಗಲು ಹರಡಿತ್ತು. ಖತೀಜಮ್ಮ ಸೊಂಟಕ್ಕೆ ಕೈಕೊಟ್ಟು ಅಪ್ಪನ ಎದುರು ನಿಂತಿದ್ದರು.

"ಬಾಬಣ್ಣ, ನಾನು ನಿಮ್ಮ ಅಪ್ಪನ ಕಾಲದಿಂದ ಈ ದೋಣಿಯಲ್ಲಿ ಕೂತವಳು. ಜಲ್ಲೆ ಇದ್ದಾಗ ನಿದ್ದೆ ಮಾಡಿಕೊಂಡು ಹೋಗ್ತಿದ್ದೆ. ಈಗ ಸಾಯುವವರ ಹಾಗೆ ಕಲಿಮ ಹೇಳಿಕೊಂಡು ಹೋಗ್ಬೇಕಾ?"

"ಸರಿ ಮಾಡ್ತೇನೆ ಖತೀಜಮ್ಮ."

"ಎಂತ ಸರಿ ಮಾಡುದು ಮಾರಾಯ್ರೆ? ನಿಮ್ಮ ಅಂಗಳದಲ್ಲಿ ಅದು ಹುಲಿ. ನದಿಯಲ್ಲಿ ಬೆಕ್ಕು."

ಆ ಮಾತು ಊರಿಡೀ ಹೋಯಿತು. ನಾಲ್ಕು ದಿನ ಕಳೆಯುವಷ್ಟರಲ್ಲಿ ಪಂಚಾಯತಿನ ಮೆಂಬರು ನಮ್ಮ ಚಾವಡಿಗೆ ಬಂದು ಕೂತರು. ಒಳ್ಳೆಯ ಮನುಷ್ಯ, ನೀರು ಬೆಲ್ಲ ತೆಗೆದುಕೊಂಡು ಸುತ್ತು ಬಳಸಿ ಮಾತಾಡಿದರು. ಕೆಳಗಿನ ಕಡವಿನವನಿಗೆ ದೊಡ್ಡ ದೋಣಿ ಇದೆ, ಇಬ್ಬರು ಗಟ್ಟಿ ಮಕ್ಕಳಿದ್ದಾರೆ, ಅವನು ಈ ಕಡವನ್ನೂ ನೋಡಿಕೊಳ್ಳಲು ತಯಾರಿದ್ದಾನೆ. ಚೌತಿಯವರೆಗೆ ನೋಡುವ, ಅಷ್ಟರೊಳಗೆ ನಿಮ್ಮ ದೋಣಿ ಸರಿಯಾದರೆ ಸರಿ. ಅಪ್ಪ ಹೂಂ ಎಂದು ತಲೆಯಾಡಿಸಿದರು. ಆಮೇಲೆ ಪ್ರತಿದಿನ ಇಂಜಿನ್ ಕಳಚಿ ಡ್ರಮ್ಮಿಗೆ ಇಳಿಸುವುದು, ಸ್ಕ್ರೂ ತಿರುಗಿಸುವುದು, ಸ್ವರ ಸಪಾಟಾದ ಮೇಲೆ ದೋಣಿಗೆ ಕಟ್ಟಿ ಅಪ್ಪ ಒಬ್ಬರೇ ಒಂದು ಸುತ್ತು ಹೋಗಿ ಬರುವುದು. ಪ್ರತಿ ಸಲವೂ ಚೆನ್ನಾಗಿ ಓಡುತ್ತಿತ್ತು. ಧೈರ್ಯ ಮಾಡಿ ಕೂತ ಕೆಲವರನ್ನು ಕರೆದುಕೊಂಡು ಹೋದರೆ ನಡುನದಿಯಲ್ಲಿ ಅದೇ ಬಿಕ್ಕು, ಅದೇ ಕೆಮ್ಮು. ಎಡಗೈಯಲ್ಲಿ ಹುಟ್ಟು ಹಾಕಿ ಹೇಗೋ ದಡ ಮುಟ್ಟಿಸುತ್ತಿದ್ದರು. ದೋಣಿ ನಮ್ಮ ಮೆಟ್ಟಿಲಿಗೆ ಬಾರದೆ ಬಹಳ ಕೆಳಗೆ ಪೊದೆಯಲ್ಲಿ ತಾಗುತ್ತಿತ್ತು. ಜನ ಕೆಸರಿನಲ್ಲಿ ಇಳಿದು ಬಯ್ದುಕೊಂಡು ಹೋಗುತ್ತಿದ್ದರು. ಕೊನೆಗೆ ಒಂದು ಮಧ್ಯಾಹ್ನ ಅಪ್ಪ ಗಂಜಿಯ ಮುಂದೆ ಕೂತು, ಯಾರೂ ಕೂಗದಿದ್ದರೂ ಉಣ್ಣದೆ, ಅಮ್ಮನಿಗೆ ಹೇಳಿದರು.

"ಸೇಸಪ್ಪನ ಗ್ಯಾರೇಜಿನಲ್ಲಿ ವಾಚ್‌ಮ್ಯಾನ್ ಕೆಲಸ ಉಂಟಂತೆ. ಒಂದು ಕೋಣೆಯೂ ಕೊಡ್ತಾರಂತೆ. ಚೌತಿ ಕಳೆದ ಮೇಲೆ ಹೋಗುವ."

"ಅತ್ತೆ?"

"ಅವಳನ್ನೂ ಕರ್ಕೊಂಡು ಹೋಗುವ."

"ನಾನು ಬರುದಿಲ್ಲ." ಕತ್ತಲೆ ಕೋಣೆಯಿಂದ ಅಜ್ಜಿಯ ಸ್ವರ. "ನೀರು ಕಾಣದ ಊರಿನಲ್ಲಿ ಸಾಯ್ಲಿಕ್ಕೆ ನನಗೆಂತ ಹರಕೆ ಉಂಟಾ?"

ಅಮ್ಮ ಬಟ್ಟಲ ಮೇಲೆ ಬಟ್ಟಲು ಕವುಚಿದಳು. ನನಗೆ ಅಪ್ಪನ ಎದುರು ಮಾತು ಬರುತ್ತಿರಲಿಲ್ಲ. ಯಾರದೋ ಗೇಟಿನ ಬಳಿ ಸ್ಟೂಲಿನ ಮೇಲೆ ಕೂತ ಅಪ್ಪನನ್ನು ನನಗೆ ಕಲ್ಪಿಸಲು ಆಗಲಿಲ್ಲ. ಅವರು ಹೊಳೆಗೆ ಬೆನ್ನು ಹಾಕಿ ಕೂತದ್ದನ್ನೇ ನಾನು ಕಂಡವಳಲ್ಲ. ಹೋಗಲು ಬಿಡುವುದಿಲ್ಲ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ. ಹೇಗೆ ಎಂದು ಗೊತ್ತಿರಲಿಲ್ಲ. ಸ್ಕ್ರೂಡ್ರೈವರ್ ಸೊಂಟಕ್ಕೆ ಸಿಕ್ಕಿಸಿಕೊಂಡೇ ಮನೆಗೆಲಸ ಮಾಡುತ್ತಿದ್ದೆ.

ಡ್ರಮ್ಮಿನಲ್ಲಿ ಇಂಜಿನ್ ಓಡಿಸಿದಾಗಲೆಲ್ಲ ನೀರು ಚಿಮ್ಮಿ ಅರ್ಧವಾಗುತ್ತಿತ್ತು. ಅದನ್ನು ತುಂಬಿಸುವುದು ನನ್ನ ಪಾಲಿಗೆ. ಖಾಲಿ ಕೊಡಪಾನ ಹಿಡಿದು ಮೆಟ್ಟಿಲಿಳಿಯುವುದು, ತುಂಬಿದ್ದನ್ನು ಸೊಂಟದಲ್ಲಿಟ್ಟು ಹತ್ತುವುದು. ಒಂದು ಸಲ ಅಮ್ಮ ಮೇಲಿನಿಂದ ಬೇಗ ಬಾ ಎಂದು ಕರೆದಳು. ತುಂಬಿದ ಕೊಡದೊಂದಿಗೆ ಓಡಲು ಹೋದೆ. ಎರಡು ಮೆಟ್ಟಿಲು ಹತ್ತುವಷ್ಟರಲ್ಲಿ ಉಸಿರು ಸಿಕ್ಕಿ ಕೆಮ್ಮು ಬಂತು, ಅಲ್ಲೇ ನಿಂತೆ. ಖಾಲಿ ಕೊಡದಲ್ಲಿ ಎಷ್ಟು ಓಡಿದರೂ ಹೀಗಾಗುವುದಿಲ್ಲವಲ್ಲ ಎಂದುಕೊಂಡೆ. ಕೊಡವನ್ನು ಮೆಟ್ಟಿಲ ಮೇಲಿಟ್ಟು ಹಾಗೇ ಕೂತುಬಿಟ್ಟೆ. ನಾವು ಆ ಇಂಜಿನಿನ ಸ್ವರ ಸರಿ ಮಾಡಿದ್ದೆಲ್ಲ ಅದು ಖಾಲಿ ಕೊಡ ಹಿಡಿದಿದ್ದಾಗ. ಡ್ರಮ್ಮಿನ ನೀರಿಗೆ ಸೆಳೆತವಿಲ್ಲ, ಒಬ್ಬರೇ ಕೂತ ದೋಣಿಗೆ ಭಾರವಿಲ್ಲ. ಆಗ ಅದಕ್ಕೆ ಸ್ವಲ್ಪ ಎಣ್ಣೆ ಸಾಕು, ಸ್ವರವೂ ಚಂದ. ಜನ ತುಂಬಿ, ಸೆಳೆತಕ್ಕೆ ಎದುರಾಗಿ, ಒಮ್ಮೆಲೇ ರೇಸ್ ಕೊಟ್ಟರೆ ಗಾಳಿ ಹೆಚ್ಚು ನುಗ್ಗುತ್ತದೆ, ಎಣ್ಣೆ ಸಾಲುವುದಿಲ್ಲ, ಉಸಿರು ಸಿಕ್ಕುತ್ತದೆ. ಅದನ್ನು ಅಂಗಳದಲ್ಲಿ ಕೇಳಿದರೆ ಎಂದಿಗೂ ಗೊತ್ತಾಗುವುದಿಲ್ಲ. ಅದು ಕೆಮ್ಮುವ ಜಾಗದಲ್ಲೇ, ಕೆಮ್ಮುವಷ್ಟು ಭಾರ ಹೊತ್ತಾಗಲೇ ಸ್ಕ್ರೂ ಮುಟ್ಟಬೇಕು.

ಅಪ್ಪನಿಗೆ ನೇರ ಹೇಳುವ ಅಭ್ಯಾಸ ನನಗಿರಲಿಲ್ಲ. ಅಡುಗೆಮನೆಗೆ ಹೋಗಿ ಅಮ್ಮನಿಗೆ, ಚಾವಡಿಗೆ ಕೇಳುವಷ್ಟು ದೊಡ್ಡದಾಗಿ ಹೇಳಿದೆ. ಅಮ್ಮ ಒಣಮೀನು ಸುಡುತ್ತಿದ್ದಳು. ಪೂರ್ತಿ ಕೇಳಿ, ಚಾವಡಿಯತ್ತ ತಿರುಗಿ "ಕೇಳಿತಾ?" ಎಂದಳು. ಅಪ್ಪ ಚಾವಡಿಯಿಂದಲೇ ಹೇಳಿದರು.

"ಹೇಳುದು ಸರಿ ಉಂಟು. ಆದರೆ ಜನ ಕೂತಾಗ ಸ್ಪಾನರು ತೆಗಿಬಾರ್ದು. ನನ್ನ ಅಪ್ಪ ಹೇಳಿದ್ದದು."

"ಜನ ಬೇಡ, ಕಲ್ಲು ಹೇರುವ" ಎಂದಳು ಅಮ್ಮ.

ಕಲ್ಲು ಎಂದದ್ದೇ ಅಜ್ಜಿ ಹೊರಗೆ ಬಂದಳು. ಕಲ್ಲು ತುಂಬಿದ ದೋಣಿ ಯಮನ ಮನೆಗೆ ಹೋಗುವ ದೋಣಿ, ತಾನು ಬದುಕಿರುವವರೆಗೆ ಆಗದು ಎಂದಳು. ಹಾಗಾದರೆ ಹೊಯ್ಗೆ? ಮರಳೂ ಕಲ್ಲಿನ ಮಗುವೇ ಎಂದಳು. ಅಮ್ಮನ ಮುಖ ಕೆಂಪಾಗತೊಡಗಿತ್ತು. ನಾನು ಬಾಗಿಲ ಹಿಂದೆ ನಿಂತು, ಇನ್ನೂ ಒದ್ದೆ ಆರದ ಲಂಗದ ಅಂಚು ಹಿಂಡುತ್ತಾ ಕೇಳಿದೆ.

"ಅಜ್ಜಿ, ನೀರು ಹೇರಬಹುದಾ?"

ಅಜ್ಜಿ ನನ್ನ ಮುಖ ನೋಡಿದಳು. ಅವಳ ಹತ್ತಿರ ಅದಕ್ಕೆ ಕಾನೂನು ಇರಲಿಲ್ಲ. ಅಷ್ಟು ಹುಚ್ಚು ಕೆಲಸವನ್ನು ಹಿಂದಿನವರು ಯಾರೂ ಯೋಚಿಸಿರಲಿಕ್ಕಿಲ್ಲ.

"ಗಂಗೆಯ ಮೇಲೆ ಗಂಗೆಯನ್ನು ಹೊರುದಾ?" ಎಂದಳು. "ಅದಕ್ಕೆ ದೋಷ ಎಂತ? ಹೇರಿ."

ಸ್ವಲ್ಪ ಹೊತ್ತಿನಲ್ಲಿ ನಮ್ಮ ಅಡುಗೆಮನೆ ಬರಿದಾಯಿತು. ಬಚ್ಚಲಿನ ಹಂಡೆ, ಕೊಡಪಾನಗಳು, ಅನ್ನದ ಪಾತ್ರೆ, ದನಕ್ಕೆ ಅಕ್ಕಚ್ಚು ಇಡುವ ಮಡಿಕೆ, ಉಪ್ಪಿನಕಾಯಿ ಖಾಲಿಯಾಗಿದ್ದ ಭರಣಿ, ಕೊನೆಗೆ ಭತ್ತ ಬೇಯಿಸುವ ತಾಮ್ರದ ಕೊಪ್ಪರಿಗೆ. ನನ್ನಂಥವಳು ಇಬ್ಬರು ಒಳಗೆ ಕೂರಬಹುದಾದಷ್ಟು ದೊಡ್ಡದು. ಅಮ್ಮ ಅದನ್ನು ನೆರೆಯವರಿಗೂ ಕೊಡುತ್ತಿರಲಿಲ್ಲ. ಖಾಲಿ ಪಾತ್ರೆಗಳನ್ನು ದೋಣಿಯಲ್ಲಿ ಜೋಡಿಸಿ, ನದಿಯಿಂದಲೇ ನೀರೆತ್ತಿ ತುಂಬಿಸಿ, ತುಳುಕದ ಹಾಗೆ ಮೇಲೆ ಬಾಳೆಯೆಲೆ ಮುಚ್ಚಿದೆವು. ಆದರೂ ದೋಣಿಯ ಅಂಚು ನೀರಿನಿಂದ ಸಾಕಷ್ಟು ಮೇಲೆಯೇ ಇತ್ತು. ಜನ ಕೂತಾಗ ಇನ್ನೂ ತಗ್ಗುತ್ತದೆ ಎಂದರು ಅಪ್ಪ. ಮನೆಯಲ್ಲಿ ಬೇರೆ ಪಾತ್ರೆ ಇರಲಿಲ್ಲ. ಅಷ್ಟರಲ್ಲಿ ಅಜ್ಜಿ ಮೆಟ್ಟಿಲಿಳಿದು ಬಂದು, ಸೀರೆ ಎತ್ತಿ ಕಟ್ಟಿ, ಕೊಪ್ಪರಿಗೆಯ ಪಕ್ಕ ಕೂತೇಬಿಟ್ಟಳು. ಮೈಯಲ್ಲಿ ಅವಳು ಕಡಿಮೆಯವಳಲ್ಲ. ದೋಣಿಯ ಅಂಚು ಬೇಕಾದಷ್ಟು ಇಳಿಯಿತು.

"ಅಮ್ಮ, ಜನ ಕೂರಬಾರ್ದು ಅಂತ ನೀನೇ ಹೇಳಿದ್ದಲ್ವಾ?" ಅಪ್ಪ ಕೇಳಿದರು.

"ನಾನು ಜನವಾ? ನಾನು ಮನೆಯವಳು. ಬಿಡು ದೋಣಿ."

ಹೀಗೆ ನಾವು ಹೊರಟೆವು. ಮುಂದೆ ಅಡುಗೆಮನೆ, ನಡುವೆ ಅಜ್ಜಿ, ಹಿಂದೆ ಅಪ್ಪ, ಇಂಜಿನಿನ ಮುಚ್ಚಳ ತೆಗೆದು ಅದರ ಪಕ್ಕ ಮೊಣಕಾಲೂರಿ ನಾನು. ಹಿಂದಿನ ದಿನ ಬೆಳ್ತಂಗಡಿ ಕಡೆ ಮಳೆ ಬಿದ್ದಿರಬೇಕು, ನೀರು ಮತ್ತೆ ಕದಡಿತ್ತು. ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಿದೆವು. ನಡುನದಿ ಬಂತು. ಅಪ್ಪ ರೇಸ್ ಕೊಟ್ಟರು. ಬಿಕ್ಕಿತು, ಕೆಮ್ಮಿತು. ನಿಲ್ಲುವ ಮೊದಲೇ ಅಪ್ಪ ಕೈ ಸಡಿಲಿಸಿ ಉಳಿಸಿಕೊಂಡರು. ನಾನು ಸ್ಕ್ರೂವನ್ನು ಒಂದು ನೂಲು ಹೊರಗೆ ತಿರುಗಿಸಿದೆ. ಮತ್ತೆ ರೇಸ್. ಬಿಕ್ಕು ಇತ್ತು, ಕೆಮ್ಮು ಸಣ್ಣದಾಗಿತ್ತು. ಅಜ್ಜಿ ಕಣ್ಣು ಮುಚ್ಚಿ ದೈವದ ಹೆಸರು ಹೇಳುತ್ತಿದ್ದಳು. ಇನ್ನೂ ಸ್ವಲ್ಪ ಹೊರಗೆ. ಈ ಸಲ ಹೊಗೆ ಎದ್ದಿತು, ಸ್ವರ ದಪ್ಪವಾಗಿ ಗಳಗಳ ಎಂದಿತು, ದೋಣಿ ಏಳಲೇ ಇಲ್ಲ. ಎಣ್ಣೆ ಜಾಸ್ತಿಯಾಗಿತ್ತು. ಅಷ್ಟರಲ್ಲಿ ಕುದ್ರುವಿನವರೆಗೆ ತೇಲಿ ಹೋಗಿದ್ದೆವು. ಮೆಲ್ಲಗೆ ದಡದ ಮರೆಯಲ್ಲಿ ಮೇಲೆ ಬಂದು, ಮತ್ತೆ ನಡುವಿಗೆ ಹೋಗಿ, ಮತ್ತೆ ತೇಲಿ, ಮತ್ತೆ ಬಂದೆವು. ದಡದಲ್ಲಿ ಅಮ್ಮ "ನನ್ನ ಕೊಪ್ಪರಿಗೆ!" ಎಂದು ಕೂಗುತ್ತಿದ್ದಳು. ಗಂಡನೂ ಮಗಳೂ ಅದೇ ದೋಣಿಯಲ್ಲಿದ್ದದ್ದು ಅವಳಿಗೆ ಮರೆತಿತ್ತೆಂದು ಅಜ್ಜಿ ಆಮೇಲೆ ಎಷ್ಟೋ ವರ್ಷ ಹಂಗಿಸಿದಳು. ಎಣ್ಣೆ ಹೆಚ್ಚಾದದ್ದರಿಂದ ಸ್ಕ್ರೂವನ್ನು ಒಂದಿಷ್ಟೇ ಹಿಂದಕ್ಕೆ ತಿರುಗಿಸಿ ಬೆರಳು ತೆಗೆದೆ. ಅಪ್ಪ ನನ್ನ ಮುಖ ನೋಡಿದರು. ನಾನು ಹೂಂ ಎಂದು ತಲೆಯಾಡಿಸಿದೆ. ಪೂರ್ತಿ ರೇಸ್ ಕೊಟ್ಟರು. ಇಂಜಿನ್ ಬಿಕ್ಕಲಿಲ್ಲ. ಹೊಟ್ಟೆಯೊಳಗಿನಿಂದ ಒಂದು ಸ್ವರ ಎದ್ದು, ದೋಣಿಯ ಹಿಂಭಾಗ ಕುಗ್ಗಿ, ಮುಂಭಾಗ ಎದ್ದು, ಭರಣಿಯೊಂದು ಉರುಳಿ ಅಜ್ಜಿಯ ಮಡಿಲಿಗೆ ನೀರೆಲ್ಲ ಚೆಲ್ಲಿತು. ಸೆಳೆತವನ್ನು ಸೀಳಿಕೊಂಡು ನೇರ ನಮ್ಮ ಮೆಟ್ಟಿಲಿಗೆ ಬಂದು ತಾಗಿದೆವು. ಪೊದೆಗಲ್ಲ, ಮೆಟ್ಟಿಲಿಗೆ. ಅಂದು ಅಡುಗೆಗೆ ಪಾತ್ರೆ ಇಲ್ಲದೆ ಸಂಜೆಯವರೆಗೆ ಅವಲಕ್ಕಿ ತಿಂದುಕೊಂಡಿದ್ದೆವು.

ಆದರೆ ಸರಿಯಾದ ಇಂಜಿನಿನ ಸ್ವರ ಸುಮ್ಮನೆ ನಿಂತಾಗ ಚಂದವಿರಲಿಲ್ಲ. ಗಂಟಲು ಕಟ್ಟಿದವರ ಹಾಗೆ ಗೊರಗೊರ ಎನ್ನುತ್ತಿತ್ತು, ತುಸು ಹೊಗೆಯೂ ಬರುತ್ತಿತ್ತು. ಚೌತಿಯ ಹಿಂದಿನ ದಿನ ಸೇಸಪ್ಪ ಮಾವ ನಮ್ಮ ಸಾಮಾನು ಕಟ್ಟಲು ನೆರವಾಗುವ ಎಂದು ಬಂದರು. ಅಪ್ಪ ಸ್ಟಾರ್ಟ್ ಮಾಡಿ ತೋರಿಸಿದರು. ಮಾವನ ಮುಖ ಸೊಟ್ಟಗಾಯಿತು.

"ಇದೆಂತ ಭಾವ, ಕತ್ತೆ ಕೂಗಿದ ಹಾಗೆ? ನಾನು ಗಡಿಯಾರದ ಹಾಗೆ ಮಾಡಿಟ್ಟು ಹೋಗಿದ್ದೆನಲ್ಲ. ಯಾರು ಕೈ ಹಾಕಿದ್ದು?"

ಮಾವ ಗ್ಯಾರೇಜಿನವರು, ಇಂಜಿನ್ ತಂದುಕೊಟ್ಟವರು, ಅಪ್ಪ ಎದುರಾಡುವ ಹಾಗಿರಲಿಲ್ಲ. ಮಾವ ಜೇಬಿನಿಂದ ತಮ್ಮ ಸ್ಕ್ರೂಡ್ರೈವರ್ ತೆಗೆದು ಬಗ್ಗಿದರು. ಮರುದಿನ ಮೆಂಬರು ಬರುವುದಿತ್ತು, ಹೆಂಗಸರು ಬರುವುದಿತ್ತು. ಆ ಸ್ಕ್ರೂ ಅರ್ಧ ಸುತ್ತು ಒಳಗೆ ಹೋದರೆ ನಾವು ಮೂಡಬಿದ್ರೆಯ ಗೇಟಿನ ಬಳಿ. ನನ್ನ ಕಾಲುಗಳು ಹೇಗೆ ನಡೆದವೋ ಗೊತ್ತಿಲ್ಲ. ನಾನು ಮಾವನಿಗೂ ಇಂಜಿನಿಗೂ ನಡುವೆ ಹೋಗಿ ನಿಂತಿದ್ದೆ.

"ಮುಟ್ಟಬೇಡಿ ಮಾವ."

"ಎಂತ?"

"ಸ್ವರ ಚಂದ ಇಲ್ಲ, ಗೊತ್ತುಂಟು. ಭಾರ ಎಳಿಬೇಕಾದ್ರೆ ಹೀಗೇ ಇರಬೇಕು. ನಾಳೆ ನೀವೂ ಕೂತು ನೋಡಿ."

ಚಾವಡಿಯಲ್ಲಿ ಅಮ್ಮನ ಕತ್ತರಿಯ ಸದ್ದು ನಿಂತಿತು. ನನಗೆ ಕಣ್ಣೆತ್ತಲು ಆಗುತ್ತಿರಲಿಲ್ಲ, ಆದರೆ ನಾನು ಸರಿಯಲಿಲ್ಲ. ಮಾವ ನನ್ನನ್ನು ನೋಡಿದರು, ಅಪ್ಪನನ್ನು ನೋಡಿದರು. ಸ್ಕ್ರೂಡ್ರೈವರನ್ನು ಜೇಬಿಗೆ ಹಾಕಿಕೊಂಡರು.

"ಸರಿ ಮಾರಾಯ್ತಿ. ನಾಳೆ ಕುದ್ರುವಿನಲ್ಲಿ ಚೌತಿ ಆಚರಿಸುವ ಎಲ್ಲ ಒಟ್ಟಿಗೆ."

ಚೌತಿಯ ಬೆಳಗ್ಗೆ ಆಚೆ ಪೇಟೆಗೆ ಹೋಗುವವರು ಬಹಳ ಮಂದಿ. ಕಬ್ಬು, ಹೂವು, ತರಕಾರಿ ತರುವವರು. ಬ್ರಾಂಚಿಗೆ ಹೋಗುವ ಬೀಡಿಯವರೂ ಇದ್ದರು. ಮೆಂಬರು ಮೆಟ್ಟಿಲಲ್ಲಿ ಕೊಡೆ ಊರಿ ನಿಂತಿದ್ದರು. ಖತೀಜಮ್ಮ ದೋಣಿಯನ್ನು ಒಮ್ಮೆ, ಮೆಲ್ಕಾರಿನ ದಾರಿಯನ್ನು ಒಮ್ಮೆ ನೋಡಿ, ಬುಟ್ಟಿಯನ್ನು ತಲೆಯಿಂದ ಇಳಿಸದೆಯೇ ಹತ್ತಿ ಕೂತರು. ಅವರು ಕೂತ ಮೇಲೆ ಉಳಿದವರು ಕೂತರು. ಮಾವ ಎಲ್ಲರ ಮುಂದೆ ಕೂತು ಅಂಚನ್ನು ಎರಡು ಕೈಯಲ್ಲಿ ಹಿಡಿದಿದ್ದರು. ನಾನು ಹಿಂದೆ ನನ್ನ ಜಾಗದಲ್ಲಿದ್ದೆ. ಅಪ್ಪ ಹಗ್ಗ ಎಳೆದು ಸ್ಟಾರ್ಟ್ ಮಾಡಿ, ಇಂಜಿನಿನ ಹಿಡಿಯನ್ನು ನನ್ನ ಕಡೆಗೆ ತಿರುಗಿಸಿದರು.

"ನೀನೇ ಹಿಡಿ. ಅದು ನಿನ್ನ ಮಾತು ಕೇಳ್ತದೆ."

ಅಷ್ಟು ಜನರ ಎದುರು ನಾನು ಯಾವತ್ತೂ ಕೂತವಳಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಕಣ್ಣು ತಗ್ಗಿಸಿದರೆ ದಾರಿ ಕಾಣುವುದಿಲ್ಲ, ಹಾಗಾಗಿ ತಗ್ಗಿಸಲು ಆಗಲಿಲ್ಲ. ದಡದ ಮರೆ ಮುಗಿಯಿತು. ಸ್ವರ ಗೊರಗೊರ ಎನ್ನುತ್ತಲೇ ಇತ್ತು. ಖತೀಜಮ್ಮನ ತುಟಿ ಅಲ್ಲಾಡುತ್ತಿತ್ತು. ನಡುನದಿಯಲ್ಲಿ ದೋಣಿಯ ಮುಖ ಕೆಳಕ್ಕೆ ತಿರುಗುತ್ತಿದ್ದಂತೆ ನಾನು ಹಿಡಿಯನ್ನು ಒಮ್ಮೆಲೇ ಪೂರ್ತಿ ತಿರುಗಿಸಿದೆ. ಅದು ಭಾರವನ್ನು ತೆಗೆದುಕೊಂಡಿತು. ಬಿಕ್ಕದೆ, ತಡೆಯದೆ, ಅಷ್ಟೂ ಜನರನ್ನು ಎತ್ತಿಕೊಂಡು ಸೆಳೆತದ ಮೇಲೆ ಏರಿತು. ಮುಖ ನೇರವಾಯಿತು. ಆಚೆಯ ಮೆಟ್ಟಿಲು ಹತ್ತಿರ ಬರತೊಡಗಿತು.

ಆಗ ಆದದ್ದನ್ನು ನಿಮಗೆ ಹೇಳಬೇಕೆಂದೇ ಇಷ್ಟನ್ನು ಬರೆದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ, ಯಾರೂ ಭೇಷ್ ಎನ್ನಲಿಲ್ಲ. ಖತೀಜಮ್ಮ ಬುಟ್ಟಿಯನ್ನು ತಲೆಯಿಂದ ಇಳಿಸಿ ಕಾಲ ಬಳಿ ಇಟ್ಟುಕೊಂಡರು. ಪಕ್ಕದವಳೊಡನೆ, ಅವಳ ನಾದಿನಿಯ ಮದುವೆಗೆ ಕೋಳಿ ಎಲ್ಲಿಂದ ತಂದದ್ದು, ಮಾಂಸ ಯಾಕೆ ಬೇಯಲಿಲ್ಲ ಎಂದು ಕೇಳತೊಡಗಿದರು. ಹಿಂದಿನವರು ಮಾತಿಗೆ ಸೇರಿಕೊಂಡರು. ಮಾವ ಅಂಚು ಬಿಟ್ಟು ಬೀಡಿ ಹಚ್ಚಿದರು. ನದಿಯ ನಡುವೆ ಯಾರಿಗೂ ಇಂಜಿನಿನ ನೆನಪಿರಲಿಲ್ಲ, ನನ್ನ ನೆನಪೂ ಇರಲಿಲ್ಲ. ನಾಚಿಕೆಯ ಹುಡುಗಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ. ಅಪ್ಪ ಆರಾಮಾಗಿ ಹಲಗೆಗೆ ಒರಗಿ ನೀರು ನೋಡುತ್ತಿದ್ದರು. ದಡ ತಾಗಿದ ಮೇಲೆ ಖತೀಜಮ್ಮ ಇಳಿದು, ಬುಟ್ಟಿ ಏರಿಸಿಕೊಂಡು, ನಾಲ್ಕು ಹೆಜ್ಜೆ ಹೋದವರು ತಿರುಗಿ ನಿಂತರು. ಅಪ್ಪನಿಗಲ್ಲ, ನನಗೆ ಹೇಳಿದರು.

"ಏ ಹುಡುಗಿ, ನಾಳೆ ಸ್ವಲ್ಪ ಬೇಗ ದೋಣಿ ಬಿಡ್ಬೇಕು, ಕೇಳಿತಾ? ಬ್ರಾಂಚಿನಲ್ಲಿ ಸಾಲು ನಿಲ್ಲಲಿಕ್ಕುಂಟು."

ಇಂಜಿನಿನ ಸದ್ದಿನಲ್ಲಿ ನನ್ನ ಸಣ್ಣ ಸ್ವರ ಅವರಿಗೆ ಕೇಳುತ್ತಿರಲಿಲ್ಲ. ಅದಕ್ಕೇ ದೋಣಿಯಲ್ಲಿ ಎದ್ದು ನಿಂತು, ಎರಡೂ ದಡಕ್ಕೆ ಕೇಳುವ ಹಾಗೆ, "ಆಯ್ತು!" ಎಂದು ಕೂಗಿದೆ.